ನದಿ ದಂಡೆಯ ಕ್ಯಾಂಪನ್ನು ಆರಿಸಿದ್ದು ಯಾರು ಎಂಬ ಬಗ್ಗೆ ಕಮಲಾ ಅವರ ಹೇಳಿಕೆ

ಕಮಲಾ ಕೋಂ ದಿವಂಗತ ರಾಮಚಂದ್ರ, ವಯಸ್ಸು 68 ವರ್ಷ, ಕೆಲಸ ಮನೆವಾರ್ತೆ, ಓದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿ, ಸ್ವಂತ ಊರು ಮೈಸೂರು ಜಿಲ್ಲೆ ಕೃಷ್ಣರಾಜನಗರ ತಾಲ್ಲೂಕು, ಹಾಲಿ ವಾಸ ಅಳಿಯನ ಮನೆ, ಸೌತ್ ಬಿ, ನೈರೋಬಿ. ಠಾಣೆಯ ಸಾಹೇಬರಿಗೆ ನನ್ನ ಕೈಯಾರೆ ಬರೆದು ತಿಳಿಸುವುದು ಏನೆಂದರೆ:

ನನಗೆ ಇಂಗ್ಲಿಷ್ ಬರುವುದಿಲ್ಲ. ನಿಮ್ಮ ಸ್ವಾಹಿಲಿ ತರಕಾರಿ ಕೊಳ್ಳುವಷ್ಟು ಬರುತ್ತದೆ. ಬರುವ ಭಾಷೆಯಲ್ಲೇ ಬರೆಯಿರಿ ಎಂದು ತಾವು ಹೇಳಿದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಪರಿಚಯದ, ಕನ್ನಡದವರೇ ಆದ ಡಾಕ್ಟರ್ ಆಲ್ಫ್ರೆಡ್ ಅವರ ಹೆಂಡತಿ ಹೆಲನ್ ಅವರು ಪಕ್ಕದ ಬೆಂಚಿನಲ್ಲಿ ಕೂತಿದ್ದಾರೆ. ಬರೆದಾದ ಮೇಲೆ ಅವರು ಇಂಗ್ಲಿಷಿಗೆ ತಿರುಗಿಸಿಕೊಡುತ್ತಾರೆ. ತೊಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿರುವುದರಿಂದ ಅಕ್ಷರ ಚೆನ್ನಾಗಿಲ್ಲ. ಮೇಜಿನ ಮೇಲೆ ಬರೆದಾಗಲೂ ಅಷ್ಟೇನೂ ಚೆನ್ನಾಗಿರಲಿಲ್ಲ.

ಕಳೆದ ಶನಿವಾರ, ತಾರೀಖು 5-8-2006ರಂದು, ತ್ಸಾವೋ ಕಾಡಿನಲ್ಲಿ ಕಿಲೊಂಜೊ ಎಂಬ ಅರಣ್ಯ ಕಾವಲುಗಾರನಿಗೆ ಆನೆಯಿಂದ ಪೆಟ್ಟಾಯಿತು. ಈ ವಿಷಯದಲ್ಲಿ ನನ್ನ ಅಳಿಯ ತ್ರಿವಿಕ್ರಮ ಅವರು ಸೋಮವಾರ ತಮ್ಮಲ್ಲಿ ಒಂದು ಹೇಳಿಕೆ ಕೊಟ್ಟಿದ್ದಾರೆ. ನದಿ ದಂಡೆಯಲ್ಲಿ ಕ್ಯಾಂಪ್ ಮಾಡಿ, ಏನೂ ಭಯವಿಲ್ಲ ಎಂದು ಕಿಲೊಂಜೊನೇ ಜಾಗ ತೋರಿಸಿದ ಎಂದು ಅದರಲ್ಲಿ ಇದೆ. ಅದು ನಿಜವಲ್ಲ. ಆ ಜಾಗ ಆರಿಸಿದ್ದು ನಾನು.

ಅಳಿಯಂದಿರು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಫ್ಯಾಕ್ಟರಿಯಲ್ಲಿ ಮ್ಯಾನೇಜರ್. ಅಲ್ಲಿನ ಯಜಮಾನರ ಹತ್ತಿರ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ ಇದೆ. ಅದಕ್ಕೆ ಕ್ಯಾರವಾನ್ ಎನ್ನುತ್ತಾರೆ. ಆಗಸ್ಟ್ ರಜೆಗೆ ಬೇಕಾದರೆ ತೆಗೆದುಕೊಂಡು ಹೋಗಿ ಎಂದು ಅವರು ಕೊಟ್ಟರು. ಒಳಗೆ ಎರಡು ಮಂಚ, ಒಲೆ, ಗೋಡೆ ಗಡಿಯಾರ, ಕೂರುವುದಕ್ಕೆ ಹಲಗೆಯ ಪೆಟ್ಟಿಗೆ. ಇರುವ ಮನೆ ಗುಡಿಸುವುದೇ ಸಾಕಾಗಿದೆ, ಇನ್ನೊಂದನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವುದೇಕೆ ಎಂದು ನಾನು ಕೇಳಿದೆ.

ಜುಲೈ 17ನೇ ತಾರೀಖು ಸೋಮವಾರ ಸಂಜೆ 7 ಗಂಟೆಗೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾಡಿನ ನಕ್ಷೆ ಹರಡಿಕೊಂಡು ಎಲ್ಲಿ ಉಳಿಯಬೇಕೆಂದು ಮಾತಾಯಿತು. ಅಳಿಯಂದಿರು, ನನ್ನ ಮಗಳು ಕಾತ್ಯಾಯಿನಿ, ಮೊಮ್ಮಗಳು ನಿಕಿತಾ, ಜೊತೆಗೆ ಬರಲಿದ್ದ ಆಲ್ಫ್ರೆಡ್ ಮತ್ತು ಹೆಲನ್ ಇದ್ದರು. ನಿಕಿತಾಗೆ ಒಂಬತ್ತು ವರ್ಷ. ಅವಳು ಪಟ್ಟಿ ಓದಿ ಹೇಳಿದಳು. ಒಂದು ಕ್ಯಾಂಪ್ ಗೇಟಿನ ಹತ್ತಿರ. ಅಲ್ಲಿ ಬೇಲಿ, ನಲ್ಲಿ, ಕಕ್ಕಸು, ಕಾವಲು ಎಲ್ಲ ಇದೆ. ಇನ್ನೊಂದು ಗುಡ್ಡದ ಮೇಲೆ, ಅಲ್ಲಿಗೆ ಕ್ಯಾರವಾನ್ ಹತ್ತುವುದಿಲ್ಲ. ಮೂರನೆಯದು ನದಿಯ ದಂಡೆಯಲ್ಲಿ. ನೆರಳು, ನೀರು, ಜನವಿಲ್ಲ, ಬೇಲಿಯೂ ಇಲ್ಲ. ಅಲ್ಲಿಗೆ ಕ್ಯಾರವಾನ್ ಒಯ್ಯಬಾರದೆಂದು ಅಚ್ಚು ಹಾಕಿತ್ತು.

ಆಲ್ಫ್ರೆಡ್ ಅವರು ಗೇಟಿನ ಕ್ಯಾಂಪೇ ಸರಿ ಎಂದರು. ಅಲ್ಲಿ ಜನ ಏನು ಬೇಯಿಸುತ್ತಾರೆಂದು ನಾನು ಕೇಳಿದೆ. ಅವರು ಸುಳ್ಳು ಹೇಳುವವರಲ್ಲ. ಎಲ್ಲರೂ ಕೆಂಡದ ಮೇಲೆ ಮಾಂಸ ಸುಡುತ್ತಾರೆ, ನಾವೂ ಕೋಳಿ ತರುತ್ತೇವೆ ಎಂದರು. ತಿನ್ನುವ ಪದಾರ್ಥವನ್ನೆಲ್ಲ ಕ್ಯಾಂಪಿನವರ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಮೃಗಗಳಿಗೆ ವಾಸನೆ ಹೋಗಬಾರದು ಎಂದೂ ಹೇಳಿದರು. ಹಣ್ಣನ್ನೂ ಇಡಬೇಕೇ ಎಂದೆ. ಹಣ್ಣೇ ಮೊದಲು, ಆನೆ ಬರುವುದೇ ಅದಕ್ಕೆ ಎಂದರು.

ಹೊರಡುವ ದಿನ ಶ್ರಾವಣ ಏಕಾದಶಿ. ಮದುವೆಯಾದಾಗಿನಿಂದ ಏಕಾದಶಿಗೆ ನಾನು ಹಣ್ಣು ಬಿಟ್ಟು ಬೇರೆ ಮುಟ್ಟಿಲ್ಲ. ನಿಮ್ಮ ಕೋಳಿಯ ಪಕ್ಕ ನನ್ನ ಹಣ್ಣು ಇಡುವುದಕ್ಕಿಂತ ಆ ಆನೆಗೇ ಕೊಟ್ಟುಬಿಡುತ್ತೇನೆ ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಿಂಹ, ಚಿರತೆ ಬರುವುದು ಮಾಂಸದ ವಾಸನೆಗೆ. ಮಾಂಸ ಇಲ್ಲದವರಿಗೆ ಮಾಂಸ ಸುಡುವವರ ನಡುವೆ ಅಪಾಯವೇ ಹೊರತು ಒಂಟಿಯಾಗಿದ್ದರೆ ಅಲ್ಲ ಎಂದು ನಾನು ವಾದ ಮಾಡಿದೆ. ಅದನ್ನು ನಂಬಿಯೇ ಹೇಳಿದೆ. ಆದರೂ ಅಳಿಯಂದಿರು ಗೇಟಿನ ಕ್ಯಾಂಪಿಗೇ ಬುಕ್ ಮಾಡಿದರು. ಹಾಗಾದರೆ ನಾನು ಸೌತ್ ಬಿಯಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ ಎಂದು ದಿನಕ್ಕೆ ಎರಡು ಸಲವಾದರೂ ಹೇಳುತ್ತಾ ಬಂದೆ. ಮಗಳು ನನ್ನನ್ನು ಒಂಟಿಯಾಗಿ ಬಿಡುವುದಿಲ್ಲವೆಂದು ಗೊತ್ತಿದ್ದೇ ಹೇಳಿದ್ದು.

ಆಗಸ್ಟ್ 3ರಂದು ನ್ಗಾರಾ ಮಾರ್ಕೆಟ್ಟಿನಲ್ಲಿ 30 ಕಿತ್ತಳೆ, ಎರಡು ಚಿಪ್ಪು ಬಾಳೆಹಣ್ಣು, ಒಂದು ಅನಾನಸ್ ಕೊಂಡೆ. ಹೊರಡುವ ದಿನ ಅವನ್ನು ಕ್ಯಾರವಾನಿನ ಹಲಗೆ ಪೆಟ್ಟಿಗೆಯ ಒಳಗೆ, ಹೊದಿಕೆಗಳ ಕೆಳಗೆ ಇಟ್ಟೆ. ಇಟ್ಟಿದ್ದು ನಾನೊಬ್ಬಳೇ.

5ನೇ ತಾರೀಖು ಬೆಳಿಗ್ಗೆ 6-10ಕ್ಕೆ ಮನೆ ಬಿಟ್ಟು, ಮೊಂಬಾಸಾ ರಸ್ತೆಯಲ್ಲಿ ನಿಧಾನವಾಗಿ ಹೋಗಿ, 11-50ಕ್ಕೆ ಕಾಡಿನ ಗೇಟು ಮುಟ್ಟಿದೆವು. ಕಿಲೊಂಜೊ ಅಲ್ಲಿದ್ದ. ಸುಮಾರು 35 ವರ್ಷ, ತೆಳ್ಳಗೆ, ಗರಿಗರಿಯಾಗಿ ಇಸ್ತ್ರಿ ಮಾಡಿದ ಅಂಗಿ. ಕ್ಯಾರವಾನಿನ ಬಾಗಿಲಿಗೆ ಬಂದು, ಮಟುಂಡಾ ಇದೆಯೇ ಎಂದು ನನ್ನನ್ನು ಕೇಳಿದ. ಮಟುಂಡಾ ಎಂದರೆ ಹಣ್ಣು. ಹಪಾನಾ, ಇಲ್ಲ, ಎಂದೆ. ನನ್ನ ಮುಖ ನೋಡಿ ಇನ್ನೊಂದು ಸಲ ಕೇಳಿದ. ಇನ್ನೊಂದು ಸಲ ಹಪಾನಾ ಎಂದೆ. ಭಾಷೆ ತಿಳಿಯದ ಮುದುಕಿಯಿಂದ ಗೊತ್ತಿಲ್ಲದೆ ಆದದ್ದು ಎಂದು ಅಳಿಯಂದಿರು ಬರೆಸಿದ್ದಾರೆ. ಐದು ವರ್ಷದಿಂದ ಮಾರ್ಕೆಟ್ಟಿನಲ್ಲಿ ದಿನಾ ಕೇಳುವ ಮಾತು ಅದು. ನನಗೆ ಚೆನ್ನಾಗಿ ತಿಳಿದಿತ್ತು.

12-10ಕ್ಕೆ ಗೇಟಿನ ಕ್ಯಾಂಪಿನಲ್ಲಿ ನಿಂತೆವು. ಐದು ಡೇರೆಗಳಿದ್ದವು, ನಾಲ್ಕು ಕಡೆ ಹೊಗೆ. ತಮ್ಮ ಕಾರಿನಲ್ಲಿ ಬಂದಿದ್ದ ಆಲ್ಫ್ರೆಡ್ ಅವರೂ ಕೆಂಡ ಮಾಡಿದರು. ನಾನು ಕ್ಯಾರವಾನಿನ ಬಾಗಿಲು ಹಾಕಿಕೊಂಡು, ಸೆರಗನ್ನು ಮೂಗಿಗೆ ಹಿಡಿದು ಕೂತೆ. ಇಲ್ಲಿ ಹನಿ ನೀರೂ ಮುಟ್ಟುವುದಿಲ್ಲ ಎಂದೆ. ಮೂರು ಗಂಟೆಯವರೆಗೂ ಮುಟ್ಟಲಿಲ್ಲ. ಮಗಳು ಅತ್ತಳು.

3-15ಕ್ಕೆ ಅಳಿಯಂದಿರು ಕಿಲೊಂಜೊನನ್ನು ಕರೆದು, ನದಿ ದಂಡೆಗೆ ಹೋಗಬಹುದೇ ಎಂದು ಕೇಳಿದರು. ನಾನು ನಾಲ್ಕು ಅಡಿ ದೂರದಲ್ಲಿ ನಿಂತಿದ್ದೆ. ಅವನು ಕಾರಿನ ಮೂತಿಯ ಮೇಲಿದ್ದ ಧೂಳಿನಲ್ಲಿ ಬೆರಳಿನಿಂದ ಗೀರಿ ತೋರಿಸಿದ. ದಾರಿ ಇಕ್ಕಟ್ಟು, ಕ್ಯಾರವಾನ್ ತಿರುಗಿಸಲಾಗುವುದಿಲ್ಲ. ಬೇಸಿಗೆಯಂತೆ ಒಣಗಿದೆ, ಸಂಜೆ ಆನೆಗಳು ನೀರಿಗೆ ಇಳಿಯುವುದು ಅಲ್ಲೇ. ಹೋಗಬೇಡಿ ಎಂದ. ನಿಕಿತಾ ನನಗೆ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಕೊನೆಗೆ, "ಅಜ್ಜಿ, ಹೀ ಸೆಡ್ ನೋ" ಎಂದಳು.

ಆಗ ನಾನು ಅಳಿಯಂದಿರಿಗೆ ಹೇಳಿದ ಮಾತು ಇದು: "ಕೇಳಿದ್ದು ಸಾಕು. ಮುದುಕಿಗೆ ಮೈ ಸರಿಯಿಲ್ಲ, ನೈರೋಬಿಗೆ ವಾಪಸು ಹೋಗ್ತೀವಿ ಅಂತ ಹೇಳಿ ಕಾರು ತೆಗೀರಿ. ಹೋದಮೇಲೆ ಅವನೇನು ನಮ್ಮನ್ನ ಹೊತ್ಕೊಂಡು ಬರ್ತಾನಾ?"

ಅವರು ಹಾಗೆಯೇ ಹೇಳಿದರು. ಆ ಕ್ಯಾಂಪಿನಲ್ಲೇ ಉಳಿದ ಆಲ್ಫ್ರೆಡ್, ಹೆಲನ್ ಅವರಿಗೂ ಅದನ್ನೇ ಹೇಳಿದರು. ನಮ್ಮ ವಾಹನ ಹಿಂತಿರುಗಿತೆಂದು ಕಿಲೊಂಜೊ ರಿಜಿಸ್ಟರಿನಲ್ಲಿ ಬರೆದುಕೊಂಡ. ಅದು ಅವನು ಆಮೇಲೆ ತನ್ನ ತಪ್ಪು ಮುಚ್ಚಲು ಬರೆದದ್ದಲ್ಲ. ನಮ್ಮ ಮಾತು ನಂಬಿ, ನಮ್ಮ ಎದುರೇ ಬರೆದದ್ದು. ಬರೆದು ನನ್ನ ಹತ್ತಿರ ಬಂದು, ಪೋಲೆ ಮಾಮಾ, ಅಂದರೆ ಪಾಪ ಅಮ್ಮ, ಎಂದ.

ಗೇಟಿನ ಕಡೆ ಸ್ವಲ್ಪ ದೂರ ಹೋಗಿ, ನದಿಯ ದಾರಿಗೆ ತಿರುಗಿ, 4-05ಕ್ಕೆ ದಂಡೆ ಮುಟ್ಟಿದೆವು. ಜಾಗ ಬಹಳ ಚೆನ್ನಾಗಿತ್ತು. ನಾನು ಕೈಕಾಲು ತೊಳೆದು 4-40ಕ್ಕೆ ಹಣ್ಣು ತೆಗೆದೆ. ಎಂಟು ಕಿತ್ತಳೆ ಸುಲಿದೆ. ಸಿಪ್ಪೆಯನ್ನು ಕಿಟಕಿಯ ಹೊರಗೆ ಹಾಕಿದೆ. ಅಳಿಯಂದಿರೂ ಮಗಳೂ ಕ್ಯಾಮೆರಾ ಹಿಡಿದು ನೀರಿನ ಹತ್ತಿರ ಹೋದರು, ಅರವತ್ತು ಹೆಜ್ಜೆ ದೂರ. ಒಳಗೆ ನಾನು ಮತ್ತು ನಿಕಿತಾ. ನಾನು ಹಣ್ಣಿನ ಪೆಟ್ಟಿಗೆಯ ಮೇಲೆ ಕೂತಿದ್ದೆ.

5-38ಕ್ಕೆ ಕಿಟಕಿ ಕತ್ತಲಾಯಿತು. ಮೋಡ ಎಂದುಕೊಂಡೆ. ಮೋಡಕ್ಕೆ ರೆಪ್ಪೆ ಇತ್ತು.

ಆಮೇಲೆ ಸೊಂಡಿಲು ಒಳಗೆ ಬಂತು. ಹಾವಿನಂತೆ ಅಲ್ಲ, ಕುರುಡರು ಗೋಡೆ ತಡವುವಂತೆ ಬಂತು. ಒಲೆ ಮುಟ್ಟಿತು, ಮಂಚ ಮುಟ್ಟಿತು, ನನ್ನ ಮೊಣಕಾಲು ಮುಟ್ಟಿತು. ಅದರ ತುದಿ ಒದ್ದೆಯಾಗಿತ್ತು. ನಿಕಿತಾಳ ತಲೆಯ ಮೇಲೆ ನಿಂತು ಅವಳ ಕೂದಲಿಗೆ ಉಸಿರು ಬಿಟ್ಟಿತು. ನಾನು ಮಗುವಿನ ಬಾಯಿಯನ್ನು ಎರಡು ಕೈಯಿಂದಲೂ ಒತ್ತಿ ಹಿಡಿದಿದ್ದೆ. ಒಂದು ದೇವರ ಹೆಸರೂ ನೆನಪಿಗೆ ಬರಲಿಲ್ಲ. ಮನೆಯಲ್ಲಿ ಅಕ್ಕಿ ಡಬ್ಬಿಗೆ ಮುಚ್ಚಳ ಹಾಕಿದೆನೋ ಇಲ್ಲವೋ ಎಂದು ಯೋಚನೆ ಬಂತು. ಆನೆ ತಲೆ ಕೊಟ್ಟು ತಳ್ಳಿತು. ಒಂದು ಕಡೆಯ ಚಕ್ರ ಮೇಲೆದ್ದು ಮತ್ತೆ ಕೆಳಗೆ ಬಿತ್ತು. ಎರಡನೇ ಸಲ ಇನ್ನೂ ಮೇಲೆ ಎದ್ದಿತು. ಮಗು ಒದ್ದೆ ಮಾಡಿಕೊಂಡಳು. ನಾನೂ ಮಾಡಿಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಏನನ್ನೂ ಬಿಡಬಾರದು ಎಂದು ತಾವು ಹೇಳಿದ್ದೀರಿ.

5-41ಕ್ಕೆ ಇನ್ನೊಂದು ಕಡೆಯ ಕಿಟಕಿಯಿಂದ ಕಿಲೊಂಜೊನ ದನಿ ಕೇಳಿತು. ಪಾಳಿ ಬದಲಾಯಿಸಿ ಲಾರಿಯಲ್ಲಿ ಹೋಗುವಾಗ ನಮ್ಮ ಚಕ್ರದ ಗುರುತು ನದಿಯ ಕಡೆ ತಿರುಗಿದ್ದನ್ನು ನೋಡಿ, ಶಬ್ದವಾಗಬಾರದೆಂದು ಲಾರಿಯನ್ನು ತಿರುವಿನಲ್ಲೇ ನಿಲ್ಲಿಸಿ ನಡೆದು ಬಂದಿದ್ದನೆಂದು ಲಾರಿಯವರು ಆಮೇಲೆ ಹೇಳಿದರು. ಕಿಮ್ಯಾ ಮಾಮಾ, ಸದ್ದು ಮಾಡಬೇಡ, ಎಂದ. ಪಿಸುಮಾತಿನಲ್ಲಿ, ಹಣ್ಣು ಹೊರಗೆ ಎಸೆ ಎಂದ. ಹಣ್ಣಿದೆಯೇ ಎಂದು ಈ ಸಲ ಕೇಳಲಿಲ್ಲ. ಎರಡು ಸಲ ಹೇಳಿದ. ನಾನು ಎದ್ದು ಪೆಟ್ಟಿಗೆ ತೆಗೆದು ಎಸೆದಿದ್ದರೆ ಆನೆ ಅದರ ಹಿಂದೆ ಹೋಗುತ್ತಿತ್ತು. ನಾನು ಏಳಲಿಲ್ಲ.

ಅವನು ಮೂರನೇ ಸಲ ಹೇಳಲಿಲ್ಲ. ಬಯಲಿಗೆ ಬಂದು ಚಪ್ಪಾಳೆ ತಟ್ಟಿ ಕೂಗಿದ. ಆನೆ ಸೊಂಡಿಲು ಎಳೆದುಕೊಂಡು ಅವನ ಕಡೆ ತಿರುಗಿತು. ಅವನು ನಮ್ಮ ಕಡೆಗೂ ಓಡಲಿಲ್ಲ, ನನ್ನ ಮಗಳು ಅಳಿಯ ಇದ್ದ ನೀರಿನ ಕಡೆಗೂ ಓಡಲಿಲ್ಲ. ಕಲ್ಲುಗಳಿದ್ದ ಕಡೆಗೆ ಓಡಿದ. ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಮೂವತ್ತು ಹೆಜ್ಜೆ ಆಗುವಷ್ಟರಲ್ಲಿ ಆನೆ ಅವನನ್ನು ಸೊಂಡಿಲಿನಿಂದ ಬೀಸಿ ಹೊಡೆಯಿತು. ಬಿದ್ದವನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋಯಿತು. ಆಗ ಗಡಿಯಾರದಲ್ಲಿ 5-44. ಎಲ್ಲವೂ ಆರು ನಿಮಿಷ.

6-05ಕ್ಕೆ ಲಾರಿಯವರು ಬಂದು ಅವನನ್ನು ಎತ್ತಿದರು. ಎಡ ತೊಡೆ ಮಡಚಬಾರದ ಜಾಗದಲ್ಲಿ ಮಡಚಿತ್ತು. ಮಗುವಿಗೆ ಏನಾದರೂ ಆಯಿತೇ ಎಂದು ಕೇಳಿದ. ನನ್ನನ್ನೇ ಕೇಳಿದ್ದು.

ಮಾರನೇ ದಿನ ಮನೆಗೆ ಬರುವಾಗ ದಾರಿಯುದ್ದಕ್ಕೂ ಅಳಿಯಂದಿರು ಏನು ಹೇಳಬೇಕೆಂದು ಮಗಳಿಗೆ ಹೇಳಿಕೊಟ್ಟರು. ನನಗೆ ಹೇಳಿಕೊಡಲಿಲ್ಲ. ನನ್ನನ್ನು ಯಾರು ಕೇಳುತ್ತಾರೆ ಎಂದುಕೊಂಡಿರಬೇಕು. ಅವರು ಕೆಟ್ಟವರಲ್ಲ. ಮೂರು ವಾರ ನನ್ನ ಬಾಯಿಗೆ ಹೆದರಿದರು, ಈಗ ಯಜಮಾನರ ಕ್ಯಾರವಾನ್ ಜಖಂ ಆಗಿದ್ದಕ್ಕೆ ಹೆದರಿದ್ದಾರೆ.

ಮಂಗಳವಾರ ಸಂಜೆ ಆಲ್ಫ್ರೆಡ್ ಅವರು ಬಂದು, ಕಿಲೊಂಜೊನನ್ನು ನೈರೋಬಿಯ ಆಸ್ಪತ್ರೆಗೆ ತಂದಿದ್ದಾರೆ, ತೊಡೆಯ ಮೂಳೆ ಎರಡು ಕಡೆ ಮುರಿದಿದೆ ಎಂದರು. ಜನರನ್ನು ಅಪಾಯದ ಜಾಗಕ್ಕೆ ಕಳಿಸಿದ ಆರೋಪ, ವಿಚಾರಣೆ ಮುಗಿಯುವ ತನಕ ಕೆಲಸವಿಲ್ಲ ಎಂದು ಅವನ ಹಾಸಿಗೆಗೇ ಕಾಗದ ಬಂದಿದೆಯಂತೆ. ಅವರು ಹೋದ ಮೇಲೆ ನಿಕಿತಾ ಅಪ್ಪನ ಎದುರು ನಿಂತು ಏನೋ ಕೇಳಿದಳು. ಅವರು ಅವಳನ್ನು ಕೋಣೆಗೆ ಕಳಿಸಿದರು. ಆವತ್ತಿನಿಂದ ಅವಳು ಅಪ್ಪನ ಹತ್ತಿರ ಮಾತಾಡಿಲ್ಲ. ನನ್ನ ಹತ್ತಿರವೂ ಇಲ್ಲ.

ನಿನ್ನೆ ಬೆಳಿಗ್ಗೆ ಅಳಿಯಂದಿರಿಗೆ ನಾನು ಠಾಣೆಗೆ ಹೋಗುತ್ತೇನೆಂದು ತಿಳಿಸಿದೆ. ಅವರು ಕಾಫಿ ಕೆಳಗಿಟ್ಟು ಹೇಳಿದರು: "ಅತ್ತೆ, ನನ್ನ ವರ್ಕ್ ಪರ್ಮಿಟ್ ಇರೋದು ಯಜಮಾನರ ಕೈಲಿ. ನೀವು ಬಾಯಿ ಬಿಟ್ರೆ ನಾಲ್ಕು ಜನಾನೂ ಗಂಟುಮೂಟೆ ಕಟ್ಬೇಕಾಗುತ್ತೆ. ಅವನು ನಿಮಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ," ಎಂದೆ. "ಆಗಿರೋದು ಸಾಕು."

ಇವತ್ತು ಬೆಳಿಗ್ಗೆ ನನ್ನ ಚಪ್ಪಲಿ ಕಾಣಲಿಲ್ಲ. ಮಗಳನ್ನು ಕೇಳಿದರೆ ಗೊತ್ತಿಲ್ಲವೆಂದಳು. ಅವಳದನ್ನೇ ಹಾಕಿಕೊಂಡು 9-20ಕ್ಕೆ ಹೊರಟೆ. ಒಂಟಿಯಾಗಿ ಮಟಾಟು ವ್ಯಾನು ಹತ್ತಿದ್ದು ಇದೇ ಮೊದಲು. ನ್ಗಾರಾದಲ್ಲಿ ಹೆಲನ್ ಅವರ ಮನೆಗೆ ಹೋಗಿ, ಅವರನ್ನು ಕರೆದುಕೊಂಡು ಇಲ್ಲಿಗೆ ಬಂದೆ. ನನಗೆ ತುಂಬ ಹೆದರಿಕೆಯಾಗಿದೆ. ಬರೆಯುತ್ತಿರುವಾಗ ತಮ್ಮ ಪೇದೆಯೊಬ್ಬರು ಕಿಟಕಿಗೆ ಅಡ್ಡ ನಿಂತರು. ನನ್ನ ಪೆನ್ನು ನಿಂತುಹೋಯಿತು. ಅವರನ್ನು ಸರಿಯಲು ಹೇಳಿ ಎಂದು ಹೆಲನ್ ಅವರಿಂದ ಕೇಳಿಸಬೇಕಾಯಿತು. ಇಲ್ಲಿಂದ ಮನೆಗೆ ಹೋಗುವುದನ್ನು ನೆನೆದರೂ ಹಾಗೆಯೇ ಆಗುತ್ತದೆ.

ಕಿಲೊಂಜೊ ಎಂಬಾತ ನಮಗೆ ಯಾವ ಜಾಗವನ್ನೂ ತೋರಿಸಲಿಲ್ಲ. ಹೋಗಬೇಡಿ ಎಂದ, ಹಣ್ಣು ಇದೆಯೇ ಎಂದು ಎರಡು ಸಲ ಕೇಳಿದ. ಮಗುವನ್ನೂ ನನ್ನನ್ನೂ ಉಳಿಸಿದ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ದೂರು ಬರೆದುಕೊಳ್ಳಲೇಬೇಕಾದರೆ ನನ್ನ ಹೆಸರಿಗೆ ಬರೆದುಕೊಳ್ಳಿ.

ಮೇಲೆ ಬರೆದದ್ದು ನಾನು ಕಣ್ಣಾರೆ ಕಂಡದ್ದು, ಬಾಯಾರೆ ಆಡಿದ್ದು. ಓದಿ ನೋಡಿದ್ದೇನೆ, ಸರಿಯಾಗಿದೆ. ಯಾರಾದರೂ ಒತ್ತಾಯ ಮಾಡಿ ಕೊಡಿಸಿದ ಹೇಳಿಕೆಯೇ ಇದು ಎಂದು ತಾವು ಕೇಳಿದಿರಿ. ಕೊಡು ಎಂದು ಯಾರೂ ಒತ್ತಾಯ ಮಾಡಿಲ್ಲ. ಕೊಡಬೇಡ ಎಂದು ಮನೆಯವರೆಲ್ಲ ಮಾಡಿದ್ದಾರೆ.

ಸ್ಥಳ: ನೈರೋಬಿ
ತಾರೀಖು: 10-8-2006, ಗುರುವಾರ, ಮಧ್ಯಾಹ್ನ 1-25

(ಸಹಿ) ಕಮಲಾ