ತಿರುಪಿಗೆ ತಾಮ್ರ

ಸೇರ್ಸುದ್ರು ಕಣವ್ವ, ಸೇರ್ಸುದ್ರು! ಎಷ್ಟು ಸಲ ಯೋಳ್ಳಿ ರಾಧಾಮಣಿ? ಕೀಮೋನೂ ಕೊಟ್ರು, ಅದರ ಜೊತೆಗೆ ಆ ಎರಡನೇ ಔಷಧೀನೂ ಕೊಟ್ರು. ಏನೇನು ಮಾಡ್ಬೇಕೋ ಅಷ್ಟೂ ಮಾಡುದ್ರು. ನನ್ನ ತಮ್ಮನ ಆಯಸ್ಸು ಅಷ್ಟೇ ಇತ್ತು. ಮೌನೇಶನ ಹಣೇಲಿ ಬರ್ದಿದ್ದೇ ಅಷ್ಟು... ಒಡಹುಟ್ಟಿದೋನ ವಿಷ್ಯದಲ್ಲಿ ಈ ಕಾಳಪ್ಪಾಚಾರಿ ಸುಳ್ಳು ಯೋಳ್ತಾನಾ? ಏನಂತೀಯ?

ಏನೂ ಅನ್ನಲ್ಲ ಬುಡು, ನಂಗೊತ್ತು. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ ಆಯ್ತು, ಬಾವನ ಎದುರು ನಿಂತು ಒಂದು ಮಾತಾಡ್ದೋಳಲ್ಲ ನೀನು. ಏನಿದ್ರೂ ಬಾಗಲ ಮರೇಲಿ ನಿಂತು ಅವ್ನ ಕೈಲೇ ಯೋಳುಸ್ತಿದ್ದೆ. ಈಗ ಯೋಳೋಕೆ ಅವ್ನಿಲ್ಲ... ಹೂಂ. ತತ್ತಾ ಇಲ್ಲಿ, ಆ ತಾಳಿ.

ಓ, ಕೂತ್ಕಂಡ್ಯಾ? ಕೂತ್ಕೊ, ಕೂತ್ಕೊ... ಅದು ಅವ್ನು ಕೂರ್ತಿದ್ದ ಮಣೆ ಕಣವ್ವ. ಇಲ್ಲ ಇಲ್ಲ, ಏಳ್ಬ್ಯಾಡ! ಅವ್ನು ಹೋದ್ಮೇಲೆ ಅದರ ಮೇಲೆ ಯಾರೂ ಕೂತಿರ್ನಿಲ್ಲ, ಅದುಕ್ಕೆ ಅಂದೆ ಅಷ್ಟೇ.

ನೋಡು, ಈ ತಾಳಿ ಮಾಡ್ದೋನೂ ನಾನೇ. ಅವತ್ತು ಅವ್ನು ಪಕ್ಕದಲ್ಲಿ ಕೂತು ಬೆಂಕಿ ಊದ್ತಾ, 'ಅಣ್ಣ, ಒಂಚೂರೂ ಬೆರಕೆ ಬ್ಯಾಡ ಕಣಣ್ಣ' ಅಂದಿದ್ದ. ನಾನು ಹಾಕ್ತೀನಾ? ಸಂತೆಬಾಚಹಳ್ಳೀಲಿ ಯಾರ್ನಾರ ಕೇಳು, ಕಾಳಪ್ಪಾಚಾರಿ ಕೈಲಿ ಬೆರಕೆ ಇಲ್ಲ ಅಂತಾರೆ. ಅಪ್ಪಟ ಚಿನ್ನ. ಅದುಕ್ಕೇ ನೋಡು, ಅಂಚೆಲ್ಲಾ ಬಗ್ಗೋಗೈತೆ.

ಕರಗುಸ್ಬುಡ್ಲಾ? ಮನಸು ಗಟ್ಟಿ ಮಾಡ್ಕಂಡಿದ್ದೀಯಾ? ನಿನ್ನ ಮಗಳ ಕಿವಿಗೆ ಓಲೆ ಆಗ್ಲಿ. ನರ್ಸಿಂಗ್ ಪಾಸು ಮಾಡವ್ಳೆ ಸ್ಪಂದನ, ಬೋಳು ಕಿವೀಲಿ ಕೆಲ್ಸುಕ್ಕೋದ್ರೆ ಚೆಂದವಾ? ರಿಸಲ್ಟು ಬಂದಿದ್ದು ಅವ್ನು ಹೋದ ಮೂವತ್ತನೇ ದಿನುಕ್ಕೆ. ಇನ್ನೊಂದು ತಿಂಗ್ಳು... ಒಂದೇ ಒಂದು ತಿಂಗ್ಳು ಇದ್ದಿದ್ರೆ... ಅಯ್ಯೋ, ನಾನ್ಯಾಕೆ ತಿಂಗ್ಳು ಎಣುಸ್ತಾ ಕೂತಿದ್ದೀನಿ! ಬುಡು.

ಕೇಳುಸ್ತಾ? ಗೊರ್... ಗೊರ್... ಅಂತ? ಗ್ಯಾಸಿನ ಪೈಪು ನೋಡ್ಬ್ಯಾಡ, ನಾನಿನ್ನೂ ಹೊತ್ತುಸೇ ಇಲ್ಲ. ಅಲ್ಲಿ, ಗ್ವಾಡೆ ಮೊಳೇಲಿ ನೇತಾಕಿರೋ ಊದುಗೊಳವೆ. ಮೂವತ್ತು ವರ್ಷ ಅವ್ನು ಊದಿದ್ದು. ತುದೀಲಿ ಅವ್ನ ಹಲ್ಲಿನ ಗುರುತೈತೆ. ನಾನು ಕೆಲ್ಸುಕ್ಕೆ ಕೂತ್ರೆ ಸಾಕು, ಅದರೊಳಗಿಂದ ಅವ್ನು ಉಸ್ರು ಎಳ್ಕಳೋದು ಕೇಳ್ತದೆ. ಕೊನೇ ವಾರ ಎಳೀತಿದ್ನಲ್ಲ, ಅಂಗೇ. ಹೊಳೆಗೆ ಎಸ್ದುಬುಡಾಣ ಅಂತ ಎರಡು ಸಲ ಹೇಮಗಿರಿ ಗಂಟ ತಗೊಂಡೋದೆ. ಕೈ ಬರ್ನಿಲ್ಲ. ವಾಪಸ್ ತಂದು ಅದೇ ಮೊಳೆಗೆ ಹಾಕ್ದೆ. ಭಯ ಆಯ್ತದೆ ಕಣವ್ವ, ಈ ವಯಸ್ಸಲ್ಲಿ ನನ್ನ ಅಂಗಡೀಲಿ ಕೂರೋಕೆ ನಂಗೇ ಭಯ. ನಿಂಗೆ ಕೇಳುಸ್ತಿಲ್ವಾ? ಸರಿ, ಸರಿ. ನಂಗೊಬ್ಬುಂಗೇ.

ಅಲ್ಲಾ, ಆ ಕಿರಂಗೂರು ಶಿವಲಿಂಗಯ್ಯ ಸಿಕ್ಕಿದ್ನಂತಲ್ಲ ನಿಂಗೆ, ಪೇಟೆ ಬಸ್‌ಸ್ಟಾಂಡಲ್ಲಿ? ಅದೇ, ವಾರ್ಡಲ್ಲಿ ಮೌನೇಶನ ಪಕ್ಕದ ಮಂಚದೋನು. ಇಬ್ರುಗೂ ಅದೇ ಶ್ವಾಸಕೋಶದ ಕ್ಯಾನ್ಸರು, ಇಬ್ರುಗೂ ಒಂದೇ ದಿನ ಶುರು ಮಾಡುದ್ರು. ಅವ್ನು ಇನ್ನೂ ಓಡಾಡ್ಕಂಡವ್ನೆ, ಮಗಳ ಮನೆಗೆ ಒಬ್ನೇ ಬಸ್ಸತ್ಕಂಡು ಬಂದಿದ್ನಂತೆ... ಇರ್ಲಿ, ಚೆನ್ನಾಗಿರ್ಲಿ ಪುಣ್ಯಾತ್ಮ. ಎಲ್ರುಗೂ ಒಂದೇ ಥರ ಕೆಲ್ಸ ಮಾಡಲ್ಲ ಅಂತ ಡಾಕ್ಟ್ರೇ ಅಂದಿದ್ರಲ್ಲ. ಅವ್ನಿಗೂ ಎರಡೂ ಕೊಟ್ರು, ಮೌನೇಶಂಗೂ ಎರಡೂ... ಯಾಕಂಗೆ ನೋಡ್ತೀಯ?

ಬುಡು, ಕೆಲ್ಸ ನೋಡಾಣ. ಇಕಾ, ಮೂಸೇಲಿ ಹಾಕ್ದೆ. ಆದ್ರೆ ಓಲೆ ಅಂದ್ಮೇಲೆ ಹಿಂದುಕ್ಕೆ ತಿರುಪು ಬೇಕಲ್ಲವ್ವ. ಅಪ್ಪಟ ಚಿನ್ನದ ತಿರುಪು ನಿಲ್ಲಲ್ಲ, ನಾಕು ಸಲ ತಿರುವೋದ್ರೊಳಗೆ ಸವ್ದೋಯ್ತದೆ. ಒಂಚೂರು ತಾಮ್ರ ಸೇರ್ಸುದ್ರೆ ಗಟ್ಟಿ ಬತ್ತದೆ, ಒಂದಷ್ಟು ಕಾಲ ಬಾಳಿಕೆ ಬತ್ತದೆ. ಅದು ಮೋಸ ಅಲ್ಲ ಕಣವ್ವ. ಸೇರ್ಸುದ್ರೇ ನಿಲ್ಲೋದು. ಸೇರ್ಸುದ್ರೇ...

ಯಾಕೆ, ನಗ್ತಿದ್ದೀಯಾ? ಇಲ್ಲ... ಅಳ್ತಾನೂ ಇಲ್ಲ. ಏನದು ಸೆರಗಿನೊಳಗೆ? ಫೈಲಾ? ಆಸ್ಪತ್ರೆ ಫೈಲು ಯಾಕವ್ವ ಇಲ್ಲಿಗೆ ತಂದೆ? ಅದು ನನ್ನ ಪೆಟ್ಟಿಗೇಲಿತ್ತಲ್ಲ! ಸ್ಪಂದನ ಓದಿದ್ಲಾ? ಓದಿರ್ತಾಳೆ... ನರ್ಸಿಂಗ್ ಓದಿರೋ ಮಗಾ, ತಿಳೀದೆ ಇರ್ತದಾ. ಪ್ರತಿ ಪುಟದಲ್ಲೂ ಬರೀ ಕೀಮೋದೇ ಐತೆ, ಎರಡನೇ ಔಷಧಿ ಹೆಸ್ರು ಎಲ್ಲೂ ಇಲ್ಲ ಅಂತ ಬೆಟ್ಟು ಮಾಡಿ ತೋರ್ಸುದ್ಲಾ?

ಕೊನೇ ಪುಟ ತಿರುಗುಸ್ಬ್ಯಾಡ. ಕೈ ಮುಗೀತೀನಿ ತಾಯಿ. ಅಲ್ಲಿರೋದು ನನ್ನ ರುಜು. 'ಬ್ಯಾಡ' ಅಂತ ಹಾಕಿದ ರುಜು.

ಕೇಳವ್ವ. ದುಡ್ಡಿಗೋಸ್ಕರ ಅಲ್ಲ, ದೇವರಾಣೆಗೂ ಅಲ್ಲ. ಡಾಕ್ಟ್ರು ಮೊದ್ಲು ನಿನ್ನೇ ಕೇಳುದ್ರು, ಗ್ಯಾನ ಐತಾ? 'ನೀವೇನಂತೀರಮ್ಮ' ಅಂತ. ನೀನು ತಲೆ ತಗ್ಗುಸ್ಕಂಡು, ಬಾವ ಅವ್ರೆ ಅಂತ ಆಚೆ ಓಗಿ ನಿಂತ್ಕಂಡೆ. ಅವ್ರು ನಂಗೆ ಬುಡ್ಸಿ ಯೋಳುದ್ರು. 'ಈ ಎರಡನೇದು ಗಡ್ಡೆಗೆ ರಕ್ತ ಓಗೋ ದಾರೀಗೇ ಗುರಿ ಇಟ್ಟು ಕಟ್ಟಾಕೋ ಔಷಧಿ. ವಾಸಿ ಮಾಡಲ್ಲ. ಆದ್ರೆ ನಿಮ್ಮ ತಮ್ಮನಂಗೇ ವಾರ್ಡಿಗೆ ಬಂದೋರಲ್ಲಿ, ಬರೀ ಕೀಮೋ ತಗೊಂಡೋರಿಗಿಂತ ಇದನ್ನೂ ಬೆರ್ಸಿ ತಗೊಂಡೋರು ಒಂದಷ್ಟು ತಿಂಗ್ಳು ಜಾಸ್ತಿ ಇದ್ದದ್ದು ನೋಡಿದ್ದೀನಿ' ಅಂದ್ರು.

'ಬೆರ್ಸಿ' ಅಂದ್ಬುಟ್ರಲ್ಲವ್ವ! ನಮ್ಮ ಕಸುಬಲ್ಲಿ ಬೆರ್ಸೋದು ಅಂದ್ರೆ ಏನು? ಬೆರ್ಸುದ್ರೆ ಇರೋ ಔಷಧೀದೂ ಸತ್ವ ಓಯ್ತದೆ ಅಂತ ತಲೇಲಿ ಕೂತ್ಬುಡ್ತು. 'ನನ್ನ ತಮ್ಮಂಗೆ ಬೆರಕೆ ಬ್ಯಾಡ ಸ್ವಾಮಿ, ಅಪ್ಪಟದ್ದು ಕೊಡಿ' ಅಂದೆ. ಜಂಬದಲ್ಲಿ ಅಂದೆ ಕಣವ್ವ, ಎದೆ ಸೆಟೆಸ್ಕಂಡು! ಪಾಪ, ಆ ಡಾಕ್ಟ್ರು ಇನ್ನೊಂದು ಸಲ ಯೋಳುದ್ರು. ನಾನು ಕೇಳ್ನಿಲ್ಲ. ದಿನಾ ಬೆಳಗಾದ್ರೆ ಕೈಯಾರೆ ತಿರುಪಿಗೆ ತಾಮ್ರ ಸೇರ್ಸೋ ನಾನು!

ಮೌನೇಶಂಗೆ ಶಿವಲಿಂಗಯ್ಯ ಯೋಳ್ಬುಟ್ಟಿದ್ದ, ಇಂಥಾದ್ದೊಂದು ಔಷಧಿ ಐತೆ, ನಂಗೆ ಕೊಡ್ತಾವ್ರೆ ಅಂತ. ಬಾಟ್ಲಿ ಏರ್ಸಿದಾಗೆಲ್ಲಾ ಮೌನೇಶ ಕೇಳೋನು, 'ಅಣ್ಣ, ನಂಗೂ ಸೇರ್ಸವ್ರಾ?' 'ಹೂಂ ಕಣ್ಲಾ, ಸೇರ್ಸವ್ರೆ' ಅಂತಿದ್ದೆ. ಅದ್ನೇ ಅವ್ನು ನಿಂಗೆ ಯೋಳ್ತಿದ್ದ, ನೀನು ನಂಬ್ಕಂಡು ದೇವ್ರಿಗೆ ದೀಪ ಹಚ್ಚುತಿದ್ದೆ. ಆರು ಸಲ ಕೇಳ್ದ. ಆರು ಸಲಾನೂ ಅಂದೆ.

ಬಯ್ಯವ್ವ. ಉಗಿ ನನ್ನ ಮುಖುಕ್ಕೆ. ಇಪ್ಪತ್ತೆರಡು ವರ್ಷದ್ದು ಒಟ್ಟುಗೇ ಮಾತಾಡ್ಬುಡು. ಇಂಗೆ ಸುಮ್ಕೆ ಮಾತ್ರ ಕೂರ್ಬ್ಯಾಡ... ಆ ಮಣೆ ಮೇಲೆ...

ಏಳ್ನೇ ಸಲ ಅವ್ನು ಕೇಳ್ನಿಲ್ಲ ಕಣವ್ವ. ತನ್ನ ಒಂದೇ ಬಾಟ್ಲಿ ನೋಡ್ದ. ಪಕ್ಕದ ಮಂಚದ ಎರಡು ಬಾಟ್ಲಿ ನೋಡ್ದ. ಆಮೇಲೆ ನನ್ನ ಮುಖ ನೋಡ್ದ... ಈಗ ನೀನು ನೋಡ್ತಿದ್ದೀಯಲ್ಲ, ಅಂಗೇ.