ಕರ್ನೆಲ್ ತಟ್ಟಿದ ನಾಲ್ಕನೆಯ ಬಾಗಿಲು

ಅಧ್ಯಕ್ಷತೆ ವಹಿಸಿರುವ ಪ್ರಾಚಾರ್ಯರೇ, ಮುಖ್ಯ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಗೇಟಿನ ಅಹ್ಮದಸಾಬರೇ, ಅವರ ಮನೆಯವರಾದ ಅಮೀನಬಿಯವರೇ, ಹುನಗುಂದ, ಇಳಕಲ್ಲಿನಿಂದ ಬಿಸಿಲಲ್ಲಿ ಬಂದಿರುವ ಸಭಿಕರೇ,

ಗೇಟು ಕಾಯುವವರ ಬಗ್ಗೆ ನಾಲ್ಕು ಮಾತಾಡಿ ಎಂದರೆ ಈ ಕಂಪ್ಯೂಟರ್ ವಿಭಾಗದ ಶಿರೀಷ ಕರ್ನೆಲ್ ಬಗ್ಗೆ ಮಾತಾಡುತ್ತಾನೆ. ಸಹಿಸಿಕೊಳ್ಳಿ, ಮಾಸ್ತರರ ಚಟ.

ಸ್ವಿಚ್ ಒತ್ತಿದೊಡನೆ ಯಂತ್ರದೊಳಗೆ ಏನಾಗುತ್ತದೆ, ಬಲ್ಲಿರಾ? ಮೊದಲು ಏಳುವುದು ಕರ್ನೆಲ್, ಎಲ್ಲವನ್ನೂ ನಡೆಸುವ ಯಜಮಾನ ಪ್ರೋಗ್ರಾಂ. ಮೆಮೊರಿ ಎಷ್ಟಿದೆ ನೋಡುತ್ತದೆ, ಡಿಸ್ಕಿನ ಗುರುತು ಹಿಡಿಯುತ್ತದೆ, ಕೀಬೋರ್ಡನ್ನು ಮಾತಾಡಿಸುತ್ತದೆ. ಇಷ್ಟೆಲ್ಲ ಮಾಡಿಯೂ ನಮ್ಮ ಹಾಗೆ ಮೈಕು ಹಿಡಿಯುವುದಿಲ್ಲ! ಮುಂದಿನ ಕೆಲಸ ಒಪ್ಪಿಸಲು ಇನ್ನೊಂದು ಪ್ರೋಗ್ರಾಂ ಹುಡುಕುತ್ತದೆ. ಒಂದು ಜಾಗದಲ್ಲಿ ಸಿಗದಿದ್ದರೆ ಎರಡನೆಯದು, ಅಲ್ಲೂ ಇಲ್ಲದಿದ್ದರೆ ಮೂರನೆಯದು. ಮೂರೂ ಬಾಗಿಲು ಮುಚ್ಚಿದ್ದರೆ? ಆಗ ನೇರವಾಗಿ ಶೆಲ್ಲನ್ನೇ ಕರೆಯುತ್ತದೆ. ಶೆಲ್ ಎಂದರೆ ಕಪ್ಪು ಪರದೆ. ಚಿತ್ರವಿಲ್ಲ, ಬಣ್ಣವಿಲ್ಲ, ಆಜ್ಞೆ ಬರೆಯಲಿ ಎಂದು ಕಾಯುವ ಒಂದು ಗೆರೆ, ಅಷ್ಟೇ. ಏನೂ ಉಳಿಯದಾಗ ಯಂತ್ರ ಮನುಷ್ಯನನ್ನು ಕೇಳುತ್ತದೆ! ಹದಿಮೂರು ವರ್ಷದಿಂದ ಇದನ್ನು ಪಾಠ ಮಾಡುತ್ತಿದ್ದೇನೆ, ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅದನ್ನು ನಾನು ಕಣ್ಣಾರೆ ಕಂಡದ್ದು ಹನ್ನೊಂದು ವರ್ಷದ ಹಿಂದೆ, ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ. ಅಹ್ಮದಸಾಬರು ಆಗ ಲ್ಯಾಬಿನ ಸಹಾಯಕರು. ಹಿಂದಿನ ದಿನ ಲ್ಯಾಬೆಲ್ಲ ತೊಳೆದಿದ್ದೆವು, ಕೀಬೋರ್ಡು ಒರೆಸಿದ್ದೆವು. ಹಬ್ಬಕ್ಕೆ ಹೊರಗಷ್ಟೇ ಸ್ವಚ್ಛ ಮಾಡಿದರೆ ಸಾಕೇ ಎಂದು ಯಾರೋ ಮುಖ್ಯ ಯಂತ್ರದ ಒಳಗನ್ನೂ ಗುಡಿಸಿದರು. ವರ್ಷಗಟ್ಟಲೆ ಯಾರೂ ತೆರೆಯದ ಸಣ್ಣ ಫೈಲುಗಳನ್ನು ಕಸವೆಂದು ಅಳಿಸಿದರು. ಮರುದಿನ ಕುಂಕುಮ ಹಚ್ಚಿ, ಕಾಯಿ ಒಡೆದು ಸ್ವಿಚ್ ಒತ್ತಿದರೆ ಕಪ್ಪು ಪರದೆ. ನೂರಿಪ್ಪತ್ತು ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ಅದರಲ್ಲೇ ಇದ್ದವು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಅಹ್ಮದಸಾಬರು ಬಗ್ಗಿ ನೋಡಿದರು. "ಸರ್, ಸತ್ತಿಲ್ರಿ ಇದು. ಗೆರಿ ಮಿಣಮಿಣ ಅನ್ನಾಕತ್ತೈತಿ ನೋಡ್ರಿ. ಏನೋ ಕೇಳಾಕತ್ತೈತಿ."

ಕರ್ನೆಲ್ ಹುಡುಕುವ ಪ್ರೋಗ್ರಾಮೇ ಅಳಿಸಿಹೋಗಿತ್ತು; ಇದೇ ನಾಲ್ಕನೆಯ ಬಾಗಿಲು! ಪಕ್ಕದ ಯಂತ್ರದಿಂದ ಆ ಫೈಲು ತಂದೆವು. ಅವರು ಪುಸ್ತಕ ಹಿಡಿದು ಒಂದೊಂದೇ ಅಕ್ಷರ ಓದಿ ಹೇಳಿದರು, ನಾನು ಆಜ್ಞೆ ಬರೆದೆ. ಯಂತ್ರ ಎದ್ದಿತು. ಒಂದು ಪ್ರಾಜೆಕ್ಟೂ ಹೋಗಿರಲಿಲ್ಲ.

ಆದರೂ ವಿಚಾರಣೆ ಆಯಿತು. ಅಳಿಸಿದವರು ಯಾರು? "ಲ್ಯಾಬಿನ ಕೀಲಿ ನನ್ನ ಕಡೆ ಇತ್ರಿ. ತಪ್ಪು ನಂದರಿ" ಎಂದರು ಅಹ್ಮದಸಾಬರು. ಮೆಮೊ ಕೊಟ್ಟು ಅವರನ್ನು ಗೇಟಿಗೆ ಹಾಕಿದರು. ಕೀಲಿ ಅವರ ಕಡೆ ಇತ್ತು, ಖರೆ. ಆದರೆ ಫೈಲು ಅಳಿಸಲು ಬೇಕಾದ ಪಾಸ್‌ವರ್ಡ್ ಯಾರ ಕಡೆ ಇತ್ತು? ಅದನ್ನು ಅಂದು ಯಾರೂ ಕೇಳಲಿಲ್ಲ.

ನನ್ನ ಕಡೆ ಇತ್ತು, ಸಭಿಕರೇ. ನನ್ನೊಬ್ಬನ ಕಡೆ.

ಇದನ್ನು ನಾನು ಚೀಟಿಯಲ್ಲಿ ಬರೆದುಕೊಂಡು ಬಂದಿರಲಿಲ್ಲ. ಯಂತ್ರಗಳೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಹನ್ನೊಂದು ವರ್ಷ ಬಿಸಿಲಲ್ಲಿ ನಿಂತರು. ದಿನವೂ ನನ್ನ ಗಾಡಿಗೆ ಗೇಟು ತೆರೆದರು. ಒಂದು ದಿನವೂ, ಒಂದೇ ಒಂದು ದಿನವೂ ಆ ಮಾತು ಎತ್ತಲಿಲ್ಲ. ಇಂಥ ಮನುಷ್ಯರು ಇರುತ್ತಾರೆಯೇ? ಇದ್ದಾರೆ, ಇಲ್ಲೇ ಕೂತಿದ್ದಾರೆ. ಅಹ್ಮದಸಾಬರೇ, ಕುಂದರ್ರಿ ಎಂದು ನನಗೆ ಕೈಸನ್ನೆ ಮಾಡಬೇಡಿ.

ಪ್ರಾಚಾರ್ಯರೇ, ನಿಮ್ಮ ಕೈಯಲ್ಲಿರುವ ಹಾರ ಸ್ವಲ್ಪ ತಡೆಯಲಿ. ಮೊದಲು ಆ ಮೆಮೊ ತರಿಸಿ, ಅವರ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ಇಷ್ಟೂ ಜನರ ಎದುರು ನಾನು ಸಹಿ ಮಾಡುತ್ತೇನೆ. ಆಮೇಲೆ ಹಾರ ಹಾಕೋಣ.

ತಾಳ್ಮೆಯಿಂದ ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.