ಹವಳಕ್ಕೆ ಸೋಸಿದ ನೀರು

ಇದನ್ನು ಮೊದಲು ಹೇಳಿದವರು ದವಾಖಾನೆಯ ನರ್ಸಮ್ಮ, ಹೋದ ಸೋಮವಾರ ಸಂಜೆ, ಹರಟೆಗೆ ಕೂಡಿದ್ದ ಹೆಂಗಸರಿಗೆ. ಡಾಕ್ಟರ ಕೋಣೆಯ ಹೊರಗೆ ಹೊಟ್ಟೆ ಹಿಡಿದು ಕುಳಿತ ಹೆಂಡತಿಗೂ, ಮನೆಯ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ಸಾಕಿದ್ದ ಅವಳ ಗಂಡನಿಗೂ ನಡೆದ ಮಾತಿದು.

“ಹವಳದ ತೊಟ್ಟಿಗೆ ನೊರೆ ಎಬ್ಬಿಸಿ ಕೊಳೆ ತೆಗೆಯೋ ಯಂತ್ರ ತಂದ್ರಲ್ಲ, ಸಾಲ್ದಾ?”

“ತುಂಬೋ ನೀರೇ ಶುದ್ಧವಾಗಿರ್ಬೇಕು ಕಣೇ.”

“ಅದಕ್ಕೆ ಅಡುಗೆಮನೆ ಫಿಲ್ಟರ್ ಬಿಚ್ಚಿ ಅಲ್ಲಿ ಹಾಕೋದಾ?”

“ನಲ್ಲಿ ನೀರು ಹಾಕಿದ್ರೆ ಹವಳ ಸತ್ತೇಹೋಗತ್ತೆ.”

“ನಾನು?”

“ನಿನಗೆ ಡಾಕ್ಟರ್ ಇದ್ದಾರಲ್ಲೇ!”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಇನ್ನು ಸೋಸಿದ ನೀರನ್ನೇ ಕುಡಿಯಬೇಕೆಂದು ಡಾಕ್ಟರು ಆಕೆಗೆ ಖಂಡಿತವಾಗಿ ಹೇಳಿದರು. ಗಂಡ ಬಾಡಿದ ಮುಖದಿಂದ ಹೊರಬಂದ. ಬಾಗಿಲ ಬಳಿ ಆ ಮುಖ ಅರಳಿತು.

“ಹೋಗ್ತಾ ಹೊಸ ಫಿಲ್ಟರ್ ತಗೊಳೋಣ. ಅದನ್ನ ಹವಳಕ್ಕೆ ಹಾಕಿ, ಹಳೇದು ನಿನಗೇ ಕೊಟ್ಬಿಡ್ತೀನಿ.”

ನರ್ಸಮ್ಮ ಹೇಳಿ ಮುಗಿಸಿದಾಗ ಕೇಳುತ್ತಿದ್ದ ಹೆಂಗಸರೆಲ್ಲ ಎದ್ದು ಮನೆಗೆ ಹೊರಟರು. ಮನೆಯಲ್ಲಿ ಮೀನಿನ ತೊಟ್ಟಿಯಿದ್ದ ಒಬ್ಬಾಕೆ ಮಾತ್ರ ಬಿರಬಿರನೆ ನಡೆದಳು.